ಬಸ್ಸಿನ ತುಂಬ ಮಹಿಳೆಯರು, ಸ್ಟಿಯರಿಂಗ್ ಹಿಡಿದವರೆಷ್ಟು?

ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕಲ್ಪಿಸುವ ‘ಶಕ್ತಿ’ ಯೋಜನೆ ಜಾರಿಗೆ ಬಂದದ್ದು 2023ರ ಜೂನ್ 11ರಂದು. 2025ರ ಜುಲೈ ವೇಳೆಗೆ ಅದರಡಿ ಐನೂರು ಕೋಟಿ ಪ್ರಯಾಣಗಳು ದಾಖಲಾದವು. ಯೋಜನೆಯ ಸಾಧಕ ಬಾಧಕಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಅದನ್ನು ಮುಂದುವರಿಸುವುದು ನನ್ನ ಉದ್ದೇಶವಲ್ಲ. ಆ ಬಸ್ಸುಗಳನ್ನು ಹತ್ತಿದಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆಸನಗಳಲ್ಲಿ ಬಹುಪಾಲು ಮಹಿಳೆಯರು. ಟಿಕೆಟ್ ಯಂತ್ರ ಹಿಡಿದು ಜನಜಂಗುಳಿಯ ನಡುವೆ ದಾರಿ ಮಾಡಿಕೊಳ್ಳುವ ನಿರ್ವಾಹಕಿಯನ್ನು ಕಂಡು ಇಂದು ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಚಾಲಕನ ಆಸನದಲ್ಲಿ ಮಹಿಳೆ ಕುಳಿತಿದ್ದರೆ ಅದು ಪತ್ರಿಕೆಯಲ್ಲಿ ಚಿತ್ರಸಹಿತ ಸುದ್ದಿಯಾಗುತ್ತದೆ. ಅದೇ ನಿಗಮ, ಅದೇ ಬಸ್ಸು, ಅದೇ ಮಾರ್ಗ, ಅದೇ ಪಾಳಿ. ಹತ್ತಡಿ ಅಂತರದ ಎರಡು ಜಾಗಗಳಲ್ಲಿ ಒಂದು ಮಹಿಳೆಗೆ ಒಗ್ಗಿ ಇನ್ನೊಂದು ಒಗ್ಗದಿರಲು ಕಾರಣವೇನು?

ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಎರಡು. ಒಂದು, ಭಾರಿ ವಾಹನ ನಡೆಸಲು ಬೇಕಾದ ಶಾರೀರಿಕ ಶಕ್ತಿ. ಪವರ್ ಸ್ಟಿಯರಿಂಗ್ ಇಲ್ಲದ ಕಾಲದಲ್ಲಿ ಈ ಮಾತಿಗೆ ಸ್ವಲ್ಪ ತೂಕವಿತ್ತೇನೋ. ಇಂದಿನ ವಿದ್ಯುತ್ ಚಾಲಿತ ಬಸ್ಸುಗಳಲ್ಲಿ ಗೇರೂ ಇಲ್ಲ, ಕ್ಲಚ್ಚೂ ಇಲ್ಲ. ಎರಡನೆಯದು ಸುರಕ್ಷತೆ. ಚಾಲಕರಿಗೆ ಪ್ರತ್ಯೇಕ ಆಸನವಿದೆ, ಬಹಳಷ್ಟು ಬಸ್ಸುಗಳಲ್ಲಿ ಅಡ್ಡಗಂಬಿಯೂ ಇದೆ. ಇಡೀ ದಿನ ನಿಂತುಕೊಂಡು, ಕಿಕ್ಕಿರಿದ ಜನರ ಮೈಗೆ ಮೈ ತಾಗಿಸಿಕೊಂಡು, ಕುಡಿದು ಬಂದವರ ಬೈಗುಳವನ್ನೂ ಚಿಲ್ಲರೆಯ ಜಗಳವನ್ನೂ ಎದುರಿಸಬೇಕಾದವರು ನಿರ್ವಾಹಕರು. ಸುರಕ್ಷತೆಯೇ ಅಳತೆಗೋಲಾಗಿದ್ದರೆ ಮಹಿಳೆಯರು ಮೊದಲು ಬರಬೇಕಾಗಿದ್ದುದು ಚಾಲಕರಾಗಿ; ನಿರ್ವಾಹಕರಾಗಿ ಅಲ್ಲ. ವಾಸ್ತವ ತಲೆಕೆಳಗಾಗಿದೆ ಎಂದಮೇಲೆ ಕಾರಣವನ್ನು ಬೇರೆಡೆ ಹುಡುಕಬೇಕು.

ನನ್ನ ಅಭಿಪ್ರಾಯದಲ್ಲಿ ಕಾರಣವಿರುವುದು ಆ ಕೆಲಸದಲ್ಲಲ್ಲ, ಆ ಕೆಲಸಕ್ಕೆ ಪ್ರವೇಶ ದೊರಕುವ ಬಾಗಿಲಿನಲ್ಲಿ. ನಿರ್ವಾಹಕರ ಹುದ್ದೆಗೆ ಬೇಕಾದದ್ದು ನಿಗದಿತ ವಿದ್ಯಾರ್ಹತೆ, ಸಾರಿಗೆ ಇಲಾಖೆಯಿಂದ ಪಡೆಯಬಹುದಾದ ಬ್ಯಾಡ್ಜ್ ಮತ್ತು ನೇಮಕಾತಿ ಪ್ರಕ್ರಿಯೆಯಲ್ಲಿ ತೇರ್ಗಡೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಓದಿದ ಹುಡುಗಿ ಇಷ್ಟನ್ನೂ ಯಾರ ಹಂಗಿಲ್ಲದೆ ಸಾಧಿಸಬಲ್ಲಳು. ಚಾಲಕರ ಹುದ್ದೆಯ ದಾರಿ ಹಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಲಘು ವಾಹನದ ಪರವಾನಗಿ ಪಡೆದು ಕನಿಷ್ಠ ಒಂದು ವರ್ಷ ಕಳೆಯದೆ ಸಾರಿಗೆ ವಾಹನದ ಕಲಿಕಾ ಪರವಾನಗಿ ಸಿಗದು. ಭಾರಿ ವಾಹನದ ಪರವಾನಗಿ ಕೈಗೆ ಬಂದಮೇಲೂ ನಿಗಮಗಳು ಕೇಳುವುದು ಅನುಭವವನ್ನು. ಆ ಅನುಭವ ಎಲ್ಲಿ ದೊರೆಯುತ್ತದೆ? ನಮ್ಮ ಹೆಚ್ಚಿನ ಚಾಲಕರು ಚಾಲನಾ ಶಾಲೆಯಲ್ಲಿ ಪಳಗಿದವರಲ್ಲ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಲಾರಿಗೆ ಕ್ಲೀನರ್ ಆಗಿ ಸೇರಿ, ಡ್ರೈವರ್‌ಗೆ ಚಹಾ ತಂದುಕೊಟ್ಟು, ಗಾಜು ಒರೆಸಿ, ಹೆದ್ದಾರಿ ಬದಿಯ ಢಾಬಾಗಳಲ್ಲಿ ಮಲಗಿ, ರಾತ್ರಿ ಖಾಲಿ ರಸ್ತೆಯಲ್ಲಿ ‘ಸ್ವಲ್ಪ ಹಿಡಿ ನೋಡೋಣ’ ಎಂದಾಗ ಸ್ಟಿಯರಿಂಗ್ ಹಿಡಿದು ಕಲಿತವರು. ಇದೊಂದು ಅಲಿಖಿತ ಗುರುಕುಲ. ಇದರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲವೆಂದು ಯಾವ ನಿಯಮದಲ್ಲೂ ಬರೆದಿಲ್ಲ. ಬರೆಯುವ ಅಗತ್ಯವೂ ಬೀಳಲಿಲ್ಲ.

ಈ ವಾದವನ್ನು ಪರೀಕ್ಷಿಸಲು ಬೆಂಗಳೂರಿನಲ್ಲೇ ಒಂದು ಅವಕಾಶವಿದೆ. 2011ರ ಅಕ್ಟೋಬರ್‌ನಲ್ಲಿ ‘ನಮ್ಮ ಮೆಟ್ರೊ’ ಆರಂಭವಾದಂದಿನಿಂದ ರೈಲು ನಡೆಸುವವರಲ್ಲಿ ಮಹಿಳೆಯರಿದ್ದಾರೆ. ನೂರಾರು ಪ್ರಯಾಣಿಕರ ಜವಾಬ್ದಾರಿ ಹೊತ್ತ, ಬೆಳಗಿನ ಜಾವ ಶುರುವಾಗಿ ರಾತ್ರಿ ಮುಗಿಯುವ ಕೆಲಸ ಅದು. ಆದರೂ ಅಲ್ಲಿ ಮಹಿಳೆಯರ ಉಪಸ್ಥಿತಿ ಯಾರಿಗೂ ವಿಶೇಷ ಎನಿಸಲಿಲ್ಲ. ಮೆಟ್ರೊ ಚಾಲನೆಗೆ ಹಳೆಯ ಗುರುಕುಲವೇ ಇರಲಿಲ್ಲ. ಡಿಪ್ಲೊಮಾ ಪಡೆದವರಿಂದ ಅರ್ಜಿ ಕರೆದು, ಪರೀಕ್ಷೆ ನಡೆಸಿ, ಆಯ್ಕೆಯಾದವರಿಗೆ ನಿಗಮವೇ ತರಬೇತಿ ಕೊಟ್ಟಿತು. ಗಂಡು ಹೆಣ್ಣು ಇಬ್ಬರೂ ಒಂದೇ ದಿನ ಅದೇ ಮೊದಲ ಪಾಠಕ್ಕೆ ಕುಳಿತರು.

ವಿಮಾನಯಾನದ ನಿದರ್ಶನ ಇನ್ನೂ ಸ್ವಾರಸ್ಯಕರ. ಭಾರತದ ವಿಮಾನ ಚಾಲಕರಲ್ಲಿ ಮಹಿಳೆಯರ ಪ್ರಮಾಣ ಸುಮಾರು ಶೇಕಡ 15. ವಿಶ್ವದ ಸರಾಸರಿ ಶೇಕಡ 5ರ ಆಸುಪಾಸು. ಅಮೆರಿಕ, ಯೂರೋಪುಗಳಿಗಿಂತ ನಾವು ಮುಂದಿರುವ ಕ್ಷೇತ್ರಗಳು ಬೆರಳೆಣಿಕೆಯಷ್ಟಿದ್ದು, ಅವುಗಳಲ್ಲಿ ಇದೂ ಒಂದು. ನಮ್ಮ ಸಮಾಜ ಹೆಚ್ಚು ಉದಾರವೆಂಬ ಕಾರಣಕ್ಕೆ ಹೀಗಾಗಿಲ್ಲ. ತರಬೇತಿಗೆ ತೆರುವ ಹಣವಿರುವ ಕುಟುಂಬಗಳು ಮಗಳಿಗೂ ಖರ್ಚು ಮಾಡಲು ಸಿದ್ಧವಾಗಿವೆ. ಎನ್‌ಸಿಸಿಯ ವಾಯುದಳ ವಿಭಾಗ ಹೆಣ್ಣುಮಕ್ಕಳಿಗೂ ತೆರೆದಿದೆ. ನೌಕರಿ ಸಿಕ್ಕ ಮೇಲೆ ವಿಮಾನಯಾನ ಸಂಸ್ಥೆಯ ವಾಹನ ಮನೆಬಾಗಿಲಿಗೆ ಬಂದು ಕರೆದೊಯ್ಯುತ್ತದೆ, ಅಪರಾತ್ರಿಯಲ್ಲಿ ಮರಳಿ ಬಿಡುತ್ತದೆ. ಅಮ್ಮ ಅಜ್ಜಿಯರು ಮನೆಯಲ್ಲಿದ್ದು ಮಗುವನ್ನು ನೋಡಿಕೊಳ್ಳುವುದೂ ಈ ಲೆಕ್ಕದಲ್ಲಿ ಸೇರಬೇಕು. ಬಾನಿನಲ್ಲಿ ಹಾರುವ ಹುಡುಗಿಗೆ ದೊರಕಿದ ಈ ಏರ್ಪಾಡುಗಳಲ್ಲಿ ಒಂದಾದರೂ ಬೆಳಗಿನ ನಾಲ್ಕೂವರೆಗೆ ಡಿಪೊ ತಲುಪಬೇಕಾದ ಚಾಲಕಿಗೆ ಉಂಟೇ?

ಬಾಗಿಲನ್ನು ಬದಲಿಸಿದರೆ ಏನಾಗುತ್ತದೆ ಎಂಬುದನ್ನು ದೆಹಲಿ ತೋರಿಸಿದೆ. 2022ರ ಫೆಬ್ರುವರಿಯಲ್ಲಿ ಅಲ್ಲಿನ ಸರ್ಕಾರ ಬಸ್ ಚಾಲಕಿಯರಿಗೆ ನಿಗದಿಯಾಗಿದ್ದ ಕನಿಷ್ಠ ಎತ್ತರವನ್ನು 159 ಸೆಂಟಿಮೀಟರ್‌ನಿಂದ 153ಕ್ಕೆ ಇಳಿಸಿತು. ಭಾರಿ ವಾಹನ ಪರವಾನಗಿಯ ಮೂರು ವರ್ಷಗಳ ಅನುಭವದ ಷರತ್ತನ್ನು ಒಂದು ತಿಂಗಳಿಗೆ ತಗ್ಗಿಸಿತು. ತರಬೇತಿಯ ಹೊಣೆಯನ್ನೂ ತಾನೇ ವಹಿಸಿಕೊಂಡಿತು. 2015ರಲ್ಲಿ ಏಕೈಕ ಮಹಿಳಾ ಚಾಲಕಿಯಿದ್ದ ಆ ನಗರದಲ್ಲಿ 2024ರ ನವೆಂಬರ್‌ನಲ್ಲಿ ಸರೋಜಿನಿ ನಗರದ ಡಿಪೊವನ್ನು ಸಂಪೂರ್ಣ ಮಹಿಳಾ ಸಿಬ್ಬಂದಿಯ ‘ಸಖಿ ಡಿಪೊ’ ಎಂದು ಉದ್ಘಾಟಿಸುವಷ್ಟು ಬದಲಾವಣೆಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಉದ್ಘಾಟನೆಯ ದಿನವೇ ಅಲ್ಲಿನ ಮಹಿಳಾ ನೌಕರರು ಪ್ರತಿಭಟನೆಗೆ ನಿಂತರು. ಅವರು ಗುತ್ತಿಗೆ ನೌಕರರು. ಚಾಲಕಿಯರಿಗೆ ದೊರೆಯುತ್ತಿದ್ದ ಸಂಭಾವನೆ ಓಡಿಸಿದ ಕಿಲೋಮೀಟರ್ ಲೆಕ್ಕದಲ್ಲಿ. ಬಸ್ಸು ಕೆಟ್ಟು ನಿಂತರೆ, ಮಾರ್ಗ ಕಿರಿದಾದರೆ, ಸಂಚಾರ ದಟ್ಟಣೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡರೆ ಆ ಹೊತ್ತಿಗೆ ಕೂಲಿಯಿಲ್ಲ. ಅವರು ಕೇಳಿದ್ದು ನಿಶ್ಚಿತ ವೇತನ ಮತ್ತು ನೌಕರಿಯ ಭದ್ರತೆಯನ್ನು. ಗಂಡಸರು ದಶಕಗಳ ಕಾಲ ಕಾಯಂ ನೌಕರಿ, ಭವಿಷ್ಯನಿಧಿ, ಪಿಂಚಣಿಗಳೊಡನೆ ಮಾಡಿದ ಕೆಲಸ ಮಹಿಳೆಯರ ಕೈಗೆ ಬರುವ ಹೊತ್ತಿಗೆ ದಿನಗೂಲಿಯಾಗಿ ಸೊರಗಿರುವುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಆಕಸ್ಮಿಕವೆಂದು ಭಾವಿಸಲಾರೆ.

ಉದ್ಯೋಗಗಳಿಗೆ ಹುಟ್ಟಿನಿಂದ ಬಂದ ಲಿಂಗವೆಂಬುದಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ದರ್ಜಿ ಸಾಮಾನ್ಯವಾಗಿ ಗಂಡಸು. ಗ್ರಾಹಕರು ಅವನವರು, ದರ ಅವನದು. ಅದೇ ಯಂತ್ರವನ್ನು ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಸಿದ್ಧ ಉಡುಪಿನ ಕಾರ್ಖಾನೆಯೊಳಗೆ ಸಾಲಾಗಿ ಜೋಡಿಸಿದೊಡನೆ ಅದರ ಮುಂದೆ ಮಹಿಳೆಯರು ಬಂದು ಕೂರುತ್ತಾರೆ. ವೇತನ ಕನಿಷ್ಠ ಕೂಲಿಯ ಸುತ್ತಮುತ್ತ, ಕತ್ತರಿ ಹಿಡಿದ ಮಾಸ್ಟರೂ ಮೇಸ್ತ್ರಿಯೂ ಹೆಚ್ಚಾಗಿ ಗಂಡಸರೇ. ಮನೆಯ ಅಡುಗೆ ಹೆಂಗಸರದು. ಮದುವೆ ಮಂಟಪದ ಅಡುಗೆ ಭಟ್ಟರದು. ಹೊಲದಲ್ಲಿ ನಾಟಿ, ಕಳೆ, ಕುಯಿಲು ಹೆಣ್ಣಾಳಿನ ಪಾಲು. ನೇಗಿಲನ್ನು ಮಾತ್ರ ಹೆಣ್ಣು ಮುಟ್ಟಬಾರದೆಂಬ ಕಟ್ಟಳೆ ಅನೇಕ ಕಡೆ ಇತ್ತು. ನೇಗಿಲಿನ ಬೇಸಾಯಕ್ಕೂ ಹೆಣ್ಣಿನ ಸ್ಥಾನಮಾನಕ್ಕೂ ಇರುವ ನಂಟನ್ನು ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೊಸರಪ್ 1970ರಲ್ಲೇ ವಿವರಿಸಿದ್ದರು. ಎತ್ತು ಹೋಗಿ ಪವರ್ ಟಿಲ್ಲರ್ ಬಂದಾಗ ದೈಹಿಕ ಶಕ್ತಿಯ ನೆಪ ಹೋಯಿತು. ಯಂತ್ರದ ಕೀಲಿಕೈ ಮಾತ್ರ ಗಂಡಸಿನ ಜೇಬಿನಲ್ಲೇ ಉಳಿಯಿತು. ಹಣವೂ ಅಧಿಕಾರವೂ ಯಾವ ಕೆಲಸಕ್ಕೆ ಅಂಟಿಕೊಂಡಿವೆಯೋ ಅದನ್ನು ‘ಗಂಡಸಿನ ಕೆಲಸ’ ಎಂದು ಕರೆಯುವುದು ರೂಢಿ.

ಭಾಷೆಯ ಬಗ್ಗೆ ಒಂದು ಮಾತು. ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತಿ ತಂತಿ ಸರಿಪಡಿಸುವವನನ್ನು ಕನ್ನಡದಲ್ಲಿ ‘ಮಾರ್ಗದಾಳು’ ಎನ್ನುತ್ತಿದ್ದೆವು. ಒಳ್ಳೆಯ ಪದ. ಆಳು ಹೆಣ್ಣಾಗಬಹುದು, ಗಂಡಾಗಬಹುದು. ಹುದ್ದೆಯ ಗೌರವ ಹೆಚ್ಚಿಸಲೆಂದು ಅದಕ್ಕೆ ‘ಪವರ್‌ಮ್ಯಾನ್’ ಎಂದು ಮರುನಾಮಕರಣ ಮಾಡಿದಾಗ ಅದರೊಳಗೆ ಗಂಡಸು ಸದ್ದಿಲ್ಲದೆ ಸೇರಿಕೊಂಡ. ನೆರೆಯ ತೆಲಂಗಾಣದಲ್ಲಿ ಈ ಹುದ್ದೆಗೆ ಅರ್ಜಿ ಹಾಕಲು ಮಹಿಳೆಯರಿಗೆ ಅವಕಾಶವಿರಲಿಲ್ಲ. ಅದನ್ನು ಪ್ರಶ್ನಿಸಿ ಹೈಕೋರ್ಟ್ ಮೆಟ್ಟಿಲೇರಿದ ಯುವತಿಯರು 2020ರ ಡಿಸೆಂಬರ್‌ನಲ್ಲಿ ಕಂಬ ಹತ್ತುವ ಪರೀಕ್ಷೆ ಎದುರಿಸಿ ತೇರ್ಗಡೆಯಾದರು. ಪರೀಕ್ಷೆಯ ಕಂಬ ಗಂಡಸರಿಗಿದ್ದಷ್ಟೇ ಎತ್ತರದ್ದು.

ಕಾನೂನಿನ ಇತಿಹಾಸವನ್ನು ನೋಡಿದರೆ, ಹೆಣ್ಣನ್ನು ಉದ್ಯೋಗದಿಂದ ದೂರವಿಟ್ಟದ್ದು ಬಹುತೇಕ ರಕ್ಷಣೆಯ ಹೆಸರಿನಲ್ಲಿ. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುವುದಾಗಿ ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತು. ವಿದೇಶಾಂಗ ಸೇವೆಯ ಮಹಿಳೆ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕೆಂದೂ, ಸಂಸಾರದ ಹೊಣೆ ಕರ್ತವ್ಯಕ್ಕೆ ಅಡ್ಡಿಯೆನಿಸಿದರೆ ಆಕೆಯ ರಾಜೀನಾಮೆ ಕೇಳಬಹುದೆಂದೂ ನಿಯಮವೇ ಇತ್ತು. ಬಡ್ತಿ ನಿರಾಕರಣೆಯ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ನಿಯಮಗಳ ತಾರತಮ್ಯವನ್ನು ಕಟುವಾಗಿ ಟೀಕಿಸಿ, ಸೇವಾ ನಿಯಮಗಳನ್ನೆಲ್ಲ ಪರಿಷ್ಕರಿಸುವಂತೆ ಸರ್ಕಾರಕ್ಕೆ ಸೂಚಿಸಿದರು. ವಿಚಾರಣೆಗೆ ಮುನ್ನವೇ ಸರ್ಕಾರ ಮುತ್ತಮ್ಮನವರಿಗೆ ಬಡ್ತಿ ಕೊಟ್ಟುಬಿಟ್ಟಿತ್ತು. ಸರ್ಕಾರಿ ವ್ಯವಹಾರ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಮದ್ಯ ಪೂರೈಸುವ ಸ್ಥಳಗಳಲ್ಲಿ ಮಹಿಳೆಯರನ್ನು ನೇಮಿಸಬಾರದೆಂದು 1914ರ ಪಂಜಾಬ್ ಅಬಕಾರಿ ಕಾಯ್ದೆ ಹೇಳುತ್ತಿತ್ತು. ದೆಹಲಿಯಲ್ಲೂ ಅನ್ವಯವಾಗುತ್ತಿದ್ದ ಆ ನಿರ್ಬಂಧ ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ ಅನುಜ್ ಗರ್ಗ್ ಪ್ರಕರಣದಲ್ಲಿ ಘೋಷಿಸಿದ್ದು 2007ರಲ್ಲಿ. ಕುಡಿದ ಗಂಡಸು ಕೆಟ್ಟದಾಗಿ ನಡೆದುಕೊಂಡಾನೆಂಬ ಭಯಕ್ಕೆ ಹೆಣ್ಣಿನ ಉದ್ಯೋಗ ಕಿತ್ತುಕೊಳ್ಳುವುದು ಪರಿಹಾರವಲ್ಲ, ಆಕೆಗೆ ಸುರಕ್ಷತೆ ಒದಗಿಸುವುದು ಪ್ರಭುತ್ವದ ಕರ್ತವ್ಯ ಎಂಬುದು ಆ ತೀರ್ಪಿನ ತಿರುಳು. ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಮಹಿಳೆಯರನ್ನು ಕಾರ್ಖಾನೆಯಿಂದ ಹೊರಗಿಟ್ಟ 1948ರ ಕಾರ್ಖಾನೆಗಳ ಕಾಯ್ದೆಯ ನಿರ್ಬಂಧವನ್ನು ಮದ್ರಾಸ್ ಹೈಕೋರ್ಟ್ 2000ದಲ್ಲಿ ತಳ್ಳಿಹಾಕಿತು. ಕರ್ನಾಟಕ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ರಾತ್ರಿ ಪಾಳಿಗೆ ಅವಕಾಶ ಮಾಡಿಕೊಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು, ಎಲ್ಲ ಬಗೆಯ ಕೆಲಸಗಳಿಗೂ, ಒಪ್ಪಿಗೆಯಿದ್ದಲ್ಲಿ ರಾತ್ರಿಯ ವೇಳೆಗೂ, ಮಹಿಳೆಯರನ್ನು ನೇಮಿಸಿಕೊಳ್ಳಬಹುದೆಂದು ಸಾರಿವೆ. ಅಂದರೆ ಕಾಗದದ ಮೇಲಿನ ತಡೆಗೋಡೆ ಬಹುಮಟ್ಟಿಗೆ ಉರುಳಿದೆ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದಕ್ಕೂ ನಡುರಾತ್ರಿ ಮನೆ ತಲುಪಿಸುವುದಕ್ಕೂ ಇರುವ ಅಂತರವನ್ನು ಸಂಹಿತೆ ತಾನಾಗಿ ತುಂಬಲಾರದು.

ಸೇವೆಯಲ್ಲಿದ್ದಾಗ ನಾನು ವೃಂದ ಮತ್ತು ನೇಮಕಾತಿ ನಿಯಮಗಳ ಪರಿಶೀಲನಾ ಸಭೆಗಳಲ್ಲಿ ಹಲವು ಬಾರಿ ಕುಳಿತಿದ್ದೇನೆ. ಒಂದು ಇಲಾಖೆಯ ಕ್ಷೇತ್ರ ಸಿಬ್ಬಂದಿಯ ನಿಯಮ ಚರ್ಚೆಗೆ ಬಂದಾಗ, ಮಹಿಳೆಯರನ್ನು ಪರಿಗಣಿಸಲಾಗದು ಎಂಬ ಟಿಪ್ಪಣಿಗೆ ಕೊಟ್ಟಿದ್ದ ಕಾರಣ, ತಾಲ್ಲೂಕು ಮಟ್ಟದ ಕಚೇರಿಗಳಲ್ಲಿ ಮಹಿಳೆಯರಿಗೆ ಶೌಚಾಲಯವಿಲ್ಲ ಎಂಬುದು. ಶೌಚಾಲಯ ಏಕಿಲ್ಲ ಎಂದು ಕೇಳಿದೆ. ಮಹಿಳಾ ಸಿಬ್ಬಂದಿ ಇಲ್ಲದಿರುವುದರಿಂದ ಅದರ ಅಗತ್ಯ ಕಂಡುಬಂದಿಲ್ಲ ಎಂದು ಸಂಬಂಧಪಟ್ಟ ಅಧಿಕಾರಿ ಗಂಭೀರವಾಗಿಯೇ ಉತ್ತರಿಸಿದರು. ಸಭೆಯಲ್ಲಿ ಯಾರೂ ನಗಲಿಲ್ಲ. ಟಿಪ್ಪಣಿ ತಯಾರಿಸಿದವರಿಗೆ ದುರುದ್ದೇಶವೇನೂ ಇರಲಿಲ್ಲ ಎಂಬುದನ್ನು ಹೇಳಲೇಬೇಕು. 1989ರಲ್ಲಿ ಸಹಾಯಕ ಚಾಲಕಿಯಾಗಿ ರೈಲ್ವೆಗೆ ಸೇರಿ ದೇಶದ ಮೊದಲ ರೈಲು ಚಾಲಕಿ ಎನಿಸಿಕೊಂಡ ಸತಾರದ ಸುರೇಖಾ ಯಾದವ್ 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತರಾದರು. ಮೂರೂವರೆ ದಶಕಗಳ ಆ ಸೇವಾವಧಿಯುದ್ದಕ್ಕೂ ರೈಲ್ವೆಯ ಬಹುಪಾಲು ಎಂಜಿನ್‌ಗಳಲ್ಲಿ ಶೌಚಾಲಯವಿರಲಿಲ್ಲ. ಗಂಡಸರು ಹೇಗೋ ನಿಭಾಯಿಸುತ್ತಿದ್ದರು ಎಂಬ ಕಾರಣಕ್ಕೆ ಅದು ಯಾರಿಗೂ ಕೊರತೆಯಾಗಿ ಕಾಣಲಿಲ್ಲ.

2023ರ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ಅವರ ಸಂಶೋಧನೆ ಇಲ್ಲಿ ನೆರವಿಗೆ ಬರುತ್ತದೆ. ಗಂಡು ಹೆಣ್ಣಿನ ವೇತನದ ಅಂತರ ಇಂದು ಅಗಾಧವಾಗಿರುವುದು, ಹೊತ್ತುಗೊತ್ತಿಲ್ಲದೆ ದುಡಿಯುವವರಿಗೆ ವಿಪರೀತ ಹೆಚ್ಚು ಪ್ರತಿಫಲ ಕೊಡುವ ಉದ್ಯೋಗಗಳಲ್ಲಿ ಎಂದು ಅವರು ತೋರಿಸಿದ್ದಾರೆ. ಅವರು ಕೊಡುವ ಪ್ರತ್ಯುದಾಹರಣೆ ಅಮೆರಿಕದ ಔಷಧ ಅಂಗಡಿಗಳದ್ದು. ಅಲ್ಲಿ ಒಬ್ಬ ಔಷಧ ವಿತರಕರ ಜಾಗದಲ್ಲಿ ಇನ್ನೊಬ್ಬರು ಸುಲಭವಾಗಿ ನಿಲ್ಲುವಂತೆ ಕೆಲಸದ ಸ್ವರೂಪ ಬದಲಾದ ಮೇಲೆ ಮಹಿಳೆಯರ ಪ್ರಮಾಣ ಏರಿತು, ವೇತನದ ಅಂತರ ತಗ್ಗಿತು. ಬಸ್ ಚಾಲನೆ ಸ್ವಭಾವತಃ ಇಂಥದೇ ಕೆಲಸ. ಪಾಳಿ ಮುಗಿಯುತ್ತಲೇ ಒಬ್ಬರು ಇಳಿದು ಇನ್ನೊಬ್ಬರು ಹತ್ತುತ್ತಾರೆ. ಮನೆಗೆ ಒಯ್ಯಬೇಕಾದ ಕಡತಗಳಿಲ್ಲ. ಮಹಿಳೆಯರಿಗೆ ಅತ್ಯಂತ ಅನುಕೂಲಕರವಾಗಬಹುದಾಗಿದ್ದ ಉದ್ಯೋಗದಲ್ಲೇ ಅವರು ಅತ್ಯಂತ ವಿರಳ.

ಆಕ್ಷೇಪಗಳಿವೆ. ಅರ್ಹತೆ ಸಡಿಲಿಸಿದರೆ ಪ್ರಯಾಣಿಕರ ಜೀವಕ್ಕೆ ಅಪಾಯವೆಂಬುದು ಒಂದು. ಚಾಲನಾ ಪಥದಲ್ಲಿ ನಡೆಸುವ ಪರೀಕ್ಷೆಯನ್ನು ಯಾರಿಗೂ ಸಡಿಲಿಸಬೇಕಾಗಿಲ್ಲ. ಬದಲಾಗಬೇಕಾದದ್ದು ಆ ಪರೀಕ್ಷೆಗೆ ಸಿದ್ಧರಾಗುವ ದಾರಿ. ಲಾರಿಯಲ್ಲಿ ಕದ್ದುಮುಚ್ಚಿ ಕಲಿತ ಮೂರು ವರ್ಷಕ್ಕಿಂತ ನಿಗಮದ ತರಬೇತಿ ಕೇಂದ್ರದಲ್ಲಿ ಕ್ರಮಬದ್ಧವಾಗಿ ಕಲಿತ ಕೆಲವು ತಿಂಗಳುಗಳೇ ಮೇಲು ಎಂದು ನಾನು ನಂಬುತ್ತೇನೆ. ನಿರುದ್ಯೋಗಿ ಯುವಕರ ಪಾಲನ್ನು ಕಿತ್ತುಕೊಂಡಂತಾಗುವುದಿಲ್ಲವೆ ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅಂಕಿ ಅಂಶಗಳನ್ನು ನೋಡಿ. ರಾಷ್ಟ್ರೀಯ ಶ್ರಮಬಲ ಸಮೀಕ್ಷೆಯ ಪ್ರಕಾರ ಹದಿನೈದು ವರ್ಷ ಮೀರಿದ ಮಹಿಳೆಯರಲ್ಲಿ ದುಡಿಮೆಯಲ್ಲಿರುವವರು ಅಥವಾ ಕೆಲಸ ಹುಡುಕುತ್ತಿರುವವರು 2017–18ರಲ್ಲಿ ಶೇಕಡ 23.3 ಇದ್ದದ್ದು 2023–24ರಲ್ಲಿ ಶೇಕಡ 41.7ಕ್ಕೆ ಏರಿದೆ. ಹೆಚ್ಚಳದ ದೊಡ್ಡ ಭಾಗ ಗ್ರಾಮೀಣ ಸ್ವಂತ ದುಡಿಮೆಯಲ್ಲಿ, ಮನೆಯ ಹೊಲ ಅಂಗಡಿಗಳಲ್ಲಿ ಸಂಬಳವಿಲ್ಲದೆ ನೆರವಾಗುವುದರಲ್ಲಿ. ಹೆಣ್ಣುಮಕ್ಕಳಿಗೆ ದುಡಿಮೆಯ ಕೊರತೆಯಿಲ್ಲ. ತಿಂಗಳ ಕೊನೆಗೆ ಸಂಬಳ ಕೊಡುವ ದುಡಿಮೆಯ ಕೊರತೆಯಿದೆ.

ನಿಗಮಗಳು ಮಾಡಬಹುದಾದದ್ದು ಅಸಾಧ್ಯವಾದದ್ದೇನೂ ಅಲ್ಲ. ಸೇವೆಯಲ್ಲಿರುವ ನಿರ್ವಾಹಕಿಯರಲ್ಲಿ ಇಚ್ಛೆಯುಳ್ಳವರಿಗೆ ನಿಗಮದ ವೆಚ್ಚದಲ್ಲೇ ತರಬೇತಿ ಕೊಟ್ಟು, ಪರವಾನಗಿ ಕೊಡಿಸಿ, ತರಬೇತಿಯ ಅವಧಿಯನ್ನೇ ಅನುಭವವೆಂದು ಪರಿಗಣಿಸಬಹುದು. ಅವರಿಗೆ ಬಸ್ಸು ಗೊತ್ತು, ಮಾರ್ಗ ಗೊತ್ತು, ಪ್ರಯಾಣಿಕರು ಗೊತ್ತು. ಮುಖ್ಯವಾಗಿ ಅವರು ಕಾಯಂ ನೌಕರರು, ದೆಹಲಿಯ ಕಿಲೋಮೀಟರ್ ಕೂಲಿಯ ಬವಣೆ ಅವರಿಗೆ ಬಾರದು. ಆಯ್ಕೆಯಾದವರನ್ನು ಜಿಲ್ಲೆಗೊಬ್ಬರಂತೆ ಚದುರಿಸದೆ ಒಂದೊಂದು ಡಿಪೊಗೆ ಹತ್ತು ಹದಿನೈದು ಮಂದಿಯನ್ನು ಒಟ್ಟಿಗೆ ನಿಯೋಜಿಸಬೇಕು. ನೂರು ಗಂಡಸರ ನಡುವೆ ಒಬ್ಬಳೇ ಇದ್ದಾಗ ಆಕೆ ಬಸ್ಸನ್ನು ಕಂಬಕ್ಕೆ ತಾಗಿಸಿದರೆ ‘ಹೆಂಗಸರಿಗೆ ಓಡಿಸಲು ಬಾರದು’ ಎಂಬ ಮಾತು ಹುಟ್ಟುತ್ತದೆ. ಹದಿನೈದು ಮಂದಿಯಿದ್ದರೆ ಆ ಒಬ್ಬಾಕೆಯ ತಪ್ಪು ಅವಳೊಬ್ಬಳದೇ ಆಗುತ್ತದೆ, ಗಂಡಸರ ತಪ್ಪು ಇಂದು ಆಗುವಂತೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ರಚಿಸಬೇಕಾದ ಆಂತರಿಕ ಸಮಿತಿಗೆ ದೂರು ಕೊಡುವ ಧೈರ್ಯವೂ ಒಂಟಿಯಾಗಿದ್ದಾಗ ಬರುವುದು ಕಷ್ಟ.

ಕೊನೆಯದಾಗಿ, ಸಾರಿಗೆ ಅಧಿಕಾರಿಗಳು ಖಾಸಗಿ ಮಾತುಕತೆಯಲ್ಲಿ ಎತ್ತುವ ನಿಜವಾದ ತೊಡಕೊಂದಿದೆ: ಉತ್ತರ ಕರ್ನಾಟಕದಲ್ಲಿ ‘ವಸ್ತಿ ಬಸ್’ ಎನ್ನುವ, ರಾತ್ರಿ ಹಳ್ಳಿಯಲ್ಲೇ ತಂಗಿ ಮುಂಜಾನೆ ಹೊರಡುವ ಬಸ್ಸುಗಳದ್ದು. ಸಿಬ್ಬಂದಿ ಬಸ್ಸಿನೊಳಗೋ ಗುಡಿಯ ಜಗುಲಿಯ ಮೇಲೋ ಮಲಗಿ ರಾತ್ರಿ ಕಳೆಯುತ್ತಾರೆ. ಸ್ನಾನ ಶೌಚಕ್ಕೆ ಕೆರೆ, ಬಯಲು. ಇಂಥ ಮಾರ್ಗಗಳಿಗೆ ಮಹಿಳೆಯರನ್ನು ಕಳುಹಿಸಲಾಗದೆಂಬುದೇ ಅವರ ಮೇಲಿನ ವಾದಗಳಲ್ಲಿ ಅತ್ಯಂತ ಗಟ್ಟಿಯಾದದ್ದು. ಗಂಡಸರನ್ನು ಮಾತ್ರ ಹಾಗೆ ಮಲಗಿಸಬಹುದೆಂದು ತೀರ್ಮಾನಿಸಿದವರು ಯಾರು ಎಂದು ಆ ಅಧಿಕಾರಿಗಳನ್ನು ಕೇಳಬೇಕೆನಿಸುತ್ತದೆ. ಪಂಚಾಯಿತಿ ಕಟ್ಟಡದಲ್ಲಿ ಚಿಲಕವಿರುವ ಒಂದು ಕೋಣೆ, ಎರಡು ಮಂಚ, ನಲ್ಲಿಯಿರುವ ಒಂದು ಶೌಚಾಲಯ: ಇಷ್ಟು ಒದಗಿದರೆ ಮೊದಲು ನೆಮ್ಮದಿಯಿಂದ ನಿದ್ರಿಸುವವರು, ಇಂದು ಆ ಬಸ್ಸುಗಳನ್ನು ಓಡಿಸುತ್ತಿರುವ ಐವತ್ತು ದಾಟಿದ ಚಾಲಕರು.